ಊಟದ ಮೇಜಿನಡಿ ಮೈಕಲೇಂಜೆಲೊ

ಬೇಕಾಗುವ ಸಾಮಾನು ಹೆಚ್ಚಿಲ್ಲ. ಒಂದು ಮೇಜು, ಒಂದು ಡ್ರಾಯಿಂಗ್ ಹಾಳೆ, ಅಂಚಿಗೆ ಹಚ್ಚಲು ಟೇಪು, ಒಂದು ಡಬ್ಬಿ ಕ್ರೇಯಾನು. ಹಾಳೆಯನ್ನು ಮೇಜಿನ ಅಡಿಭಾಗಕ್ಕೆ ಅಂಟಿಸಬೇಕು. ಮಗು ಕೆಳಗೆ ತೂರಿಕೊಂಡು, ಅಂಗಾತ ಮಲಗಿ, ಕೈ ಮೇಲೆತ್ತಿ ಚಿತ್ರ ಬರೆಯುತ್ತದೆ. ಅಮೆರಿಕ, ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ಡ್ರಾಯಿಂಗ್ ಮೇಷ್ಟ್ರುಗಳು ಬಹಳ ಕಾಲದಿಂದ ಮಾಡಿಸಿಕೊಂಡು ಬಂದಿರುವ ಚಟುವಟಿಕೆ ಇದು. ಇದರ ಹಿಂದಿರುವಾತ ಇಟಲಿಯ ಪುನರುಜ್ಜೀವನ ಕಾಲದ ಮೈಕಲೇಂಜೆಲೊ. ರೋಮ್‌ನ ಸಿಸ್ಟೀನ್ ಚಾಪೆಲ್‌ನ ಚಾವಣಿಗೆ ನಾಲ್ಕು ವರ್ಷ ಕತ್ತೆತ್ತಿ ಬಣ್ಣ ಬಳಿದವನು.

ದೊಡ್ಡ ಕಲಾವಿದರನ್ನು ಮಕ್ಕಳಿಗೆ ಪರಿಚಯಿಸುವ ಮಾಮೂಲಿ ದಾರಿ ನಮಗೆಲ್ಲ ಗೊತ್ತು. ಮೊನಾಲಿಸಾಳ ಗೆರೆಚಿತ್ರವನ್ನು ಪ್ರಿಂಟ್ ತೆಗೆದು ಕೈಗೆ ಕೊಡುವುದು, ಗೆರೆ ದಾಟದಂತೆ ಬಣ್ಣ ತುಂಬು ಎನ್ನುವುದು. ಅದರಲ್ಲಿ ಮಗುವಿಗೆ ಲಿಯೊನಾರ್ಡೊ ಸಿಗುವುದಿಲ್ಲ, ಬಣ್ಣ ತುಂಬುವ ಇನ್ನೊಂದು ಪುಸ್ತಕ ಸಿಗುತ್ತದೆ, ಅಷ್ಟೇ. ಮೇಜಿನಡಿಯ ಚಿತ್ರದಲ್ಲಿ ನಕಲು ಮಾಡಲು ಏನೂ ಇಲ್ಲ. ಅಲ್ಲಿ ಮಗು ಕಲಾವಿದನಿಂದ ಎರವಲು ಪಡೆಯುವುದು ಅವನ ಮೈಯ ಕಷ್ಟವನ್ನು. ಹತ್ತು ನಿಮಿಷಕ್ಕೆ ತೋಳು ಭಾರವಾಗುತ್ತದೆ, ಹದಿನೈದಕ್ಕೆ ಭುಜ ನೋಯುತ್ತದೆ. ಆಮೇಲೆ ಆ ಚಾವಣಿಯ ಫೋಟೊ ತೋರಿಸಿದರೆ ಅದನ್ನು ನೋಡುವ ಕಣ್ಣೇ ಬೇರೆ.

ಒಂದು ತಕರಾರಿದೆ. ಮೈಕಲೇಂಜೆಲೊ ಮಲಗಿಕೊಂಡು ಚಿತ್ರ ಬರೆಯಲಿಲ್ಲ.

ಮಲಗಿ ಬರೆದ ಎಂಬ ಕತೆಗೆ ವಯಸ್ಸು ಬಹಳವಾಗಿದೆ. ಪಾವ್ಲೊ ಜೋವಿಯೊ ಎಂಬ ಬಿಷಪ್ 1520ರ ದಶಕದಲ್ಲಿ ಲ್ಯಾಟಿನ್‌ನಲ್ಲಿ ಮೈಕಲೇಂಜೆಲೊನ ಕಿರು ಜೀವನಚಿತ್ರ ಬರೆದ. ಹಿಂದಕ್ಕೆ ಬಾಗಿಕೊಂಡು ಬಣ್ಣ ಬಳಿದ ಎಂಬರ್ಥದಲ್ಲಿ ಅವನು ಹೇಳಿದ್ದನ್ನು ಓದಿದವರು ಅಂಗಾತ ಮಲಗಿದ್ದ ಎಂದು ತಿಳಿದರು. 1961ರಲ್ಲಿ ಮೈಕಲೇಂಜೆಲೊನ ಬಗ್ಗೆ ಅರ್ವಿಂಗ್ ಸ್ಟೋನ್ ಬರೆದ ಕಾದಂಬರಿ ಲಕ್ಷಗಟ್ಟಲೆ ಖರ್ಚಾಯಿತು. 1965ರಲ್ಲಿ ಅದೇ ಸಿನಿಮಾ ಆಗಿ, ನಟ ಚಾರ್ಲ್‌ಟನ್ ಹೆಸ್ಟನ್ ಅಟ್ಟಣಿಗೆಯ ಮೇಲೆ ಮಲಗಿ ಮುಖಕ್ಕೆ ಬಣ್ಣ ತೊಟ್ಟಿಕ್ಕಿಸಿಕೊಂಡ. ಅಲ್ಲಿಗೆ ಕತೆ ಪಕ್ಕಾ ಆಯಿತು. ಒಮ್ಮೆ ಸಿನಿಮಾದಲ್ಲಿ ಕಂಡದ್ದನ್ನು ಇತಿಹಾಸದ ಪುಸ್ತಕ ಅಳಿಸಿದ ಉದಾಹರಣೆ ಕಡಿಮೆ.

ನಿಜಕ್ಕೆ ಸಾಕ್ಷಿ ಕೊಡುವವನು ಮೈಕಲೇಂಜೆಲೊ ತಾನೇ. ಕೆಲಸದ ದಿನಗಳಲ್ಲಿ ಗೆಳೆಯ ಜೊವಾನ್ನಿ ದ ಪಿಸ್ತೋಯನಿಗೆಂದು ಅವನೊಂದು ತಮಾಷೆಯ ಪದ್ಯ ಬರೆದಿದ್ದಾನೆ. ತನ್ನ ಕತ್ತು, ಬೆನ್ನು, ಹೊಟ್ಟೆ ಎಲ್ಲವೂ ಯಾವ ಅವತಾರ ತಾಳಿವೆ ಎಂದು ಸ್ವತಃ ಗೇಲಿ ಮಾಡಿಕೊಳ್ಳುವ ಪದ್ಯ. ಅದರ ಪಕ್ಕದ ಅಂಚಿನಲ್ಲಿ ಪುಟ್ಟದೊಂದು ಗೆರೆಚಿತ್ರವಿದೆ: ನೇರ ನಿಂತ ಒಬ್ಬ ಮನುಷ್ಯ, ತಲೆ ಹಿಂದಕ್ಕೆ ಬಿದ್ದಿದೆ, ಕೈ ನೆತ್ತಿಯ ಮೇಲಕ್ಕೆ ಚಾಚಿದೆ. ಆ ಕೈ ಬರೆಯುತ್ತಿರುವ ಚಾವಣಿಯ ಆಕೃತಿಯನ್ನು ನೋಡಿದರೆ ನಗು ಬರುತ್ತದೆ. ಕೆದರಿದ ಕೂದಲು, ಗೀಚಿದಂಥ ಮುಖ, ಒಂದನೇ ಕ್ಲಾಸಿನ ಹುಡುಗ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದಂತಿದೆ. ಸಿಸ್ಟೀನ್ ಚಾವಣಿಯ ಆದಾಮನನ್ನು ಬರೆದ ಕೈಯೇ ಇದನ್ನೂ ಬರೆದದ್ದು. ಮಕ್ಕಳಿಗೆ ಚಾವಣಿಯ ಫೋಟೊಗಿಂತ ಮೊದಲು ಈ ಗೀಚನ್ನು ತೋರಿಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಅವನ ಕೆಲಸದ ಕತೆಯೂ ಮಕ್ಕಳಿಗೆ ಹೇಳಲು ಹೇಳಿಮಾಡಿಸಿದಂತಿದೆ. ಮೈಕಲೇಂಜೆಲೊ ಹುಟ್ಟಿದ್ದು 1475ರಲ್ಲಿ. ಹಸುಗೂಸಾಗಿದ್ದಾಗ ಅವನಿಗೆ ಹಾಲೂಡಿಸಿದವಳು ಕಲ್ಲುಕುಟಿಗನೊಬ್ಬನ ಹೆಂಡತಿ. ಉಳಿ ಸುತ್ತಿಗೆಗಳು ಆ ಹಾಲಿನಲ್ಲೇ ಬಂದವೆಂದು ಅವನು ತಮಾಷೆ ಮಾಡುತ್ತಿದ್ದನಂತೆ. ಹದಿಮೂರರ ವಯಸ್ಸಿಗೆ ಫ್ಲಾರೆನ್ಸ್‌ನ ಗಿರ್ಲಾಂದಾಯೊ ಎಂಬ ಚಿತ್ರಗಾರನ ಬಳಿ ಶಿಷ್ಯನಾಗಿ ಸೇರಿದರೂ ಅವನ ಮನಸ್ಸು ಹೋದದ್ದು ಕಲ್ಲಿನ ಕಡೆಗೆ. 1504ರಲ್ಲಿ ಡೇವಿಡ್ ಶಿಲ್ಪ ಮುಗಿಯುವ ಹೊತ್ತಿಗೆ ಅವನ ಸಮಕ್ಕೆ ನಿಲ್ಲುವ ಶಿಲ್ಪಿ ಇಟಲಿಯಲ್ಲಿರಲಿಲ್ಲ. ಪೋಪ್ ಎರಡನೇ ಜೂಲಿಯಸ್ ಅವನನ್ನು ರೋಮ್‌ಗೆ ಕರೆಸಿದ್ದೂ ತನ್ನ ಗೋರಿಯ ಶಿಲ್ಪಗಳಿಗಾಗಿ. ಆಮೇಲೆ ಪೋಪ್ ಗೋರಿಯ ಮಾತು ಬಿಟ್ಟು ಚಾವಣಿಯ ಮಾತು ಎತ್ತಿದರು. ಚಿತ್ರ ನನ್ನ ಕಸುಬಲ್ಲ ಎಂದು ಮೈಕಲೇಂಜೆಲೊ ಹೇಳಿ ನೋಡಿದ. ಈ ಕೆಲಸ ಅವನ ತಲೆಗೆ ಕಟ್ಟಿದ್ದು ವಾಸ್ತುಶಿಲ್ಪಿ ಬ್ರಮಾಂತೆಯ ಕಿತಾಪತಿ, ಅವನು ಸೋಲಲಿ ಎಂದೇ ಹಾಗೆ ಮಾಡಿದ ಎಂದು ಜೀವನಚರಿತ್ರೆ ಬರೆದ ಶಿಷ್ಯ ಕೊಂಡಿವಿ ಹೇಳುತ್ತಾನೆ. ಶಿಷ್ಯ ಬರೆದದ್ದು, ಗುರು ಹೇಳಿಸಿದ್ದು. ಅಷ್ಟು ರಿಯಾಯಿತಿ ಕೊಟ್ಟೇ ಓದಬೇಕು. 1508ರ ಮೇ 10ರಂದು ಮುಂಗಡವಾಗಿ 500 ಡುಕಾಟ್ ಪಡೆದದ್ದನ್ನು ಮೈಕಲೇಂಜೆಲೊ ಬರೆದಿಟ್ಟುಕೊಂಡಿದ್ದಾನೆ. ಅಲ್ಲೂ ತನ್ನನ್ನು ಶಿಲ್ಪಿ ಎಂದೇ ಕರೆದುಕೊಂಡಿದ್ದಾನೆ.

ಚಾಪೆಲ್ ಸುಮಾರು 40 ಮೀಟರ್ ಉದ್ದ, 13 ಮೀಟರ್ ಅಗಲ. ಚಾವಣಿ ಇರುವುದು 20 ಮೀಟರ್ ಎತ್ತರದಲ್ಲಿ, ಅದೂ ಸಪಾಟಲ್ಲ, ಕಮಾನು. ಮೊದಲು ಅಲ್ಲಿ ನೀಲಿ ಆಕಾಶ, ಚಿನ್ನದ ನಕ್ಷತ್ರಗಳಿದ್ದವು. ಅಷ್ಟು ಎತ್ತರಕ್ಕೆ ಏರುವುದು ಹೇಗೆ? ಬ್ರಮಾಂತೆ ಚಾವಣಿಗೆ ತೂತು ಕೊರೆದು ಹಗ್ಗದಿಂದ ಅಟ್ಟಣಿಗೆ ಇಳಿಬಿಡಿಸಿದ. ಚಿತ್ರ ಮುಗಿದ ಮೇಲೆ ಈ ತೂತುಗಳನ್ನು ಮುಚ್ಚುವುದು ಹೇಗೆ ಎಂದು ಮೈಕಲೇಂಜೆಲೊ ಕೇಳಿದ. ಅದಕ್ಕೆ ಉತ್ತರವಿರಲಿಲ್ಲ. ಹಾಗಾಗಿ ಅದನ್ನು ಇಳಿಸಿ, ಕಿಟಕಿಗಳ ಮೇಲಿನ ಗೋಡೆಯಲ್ಲಿ ರಂಧ್ರ ಮಾಡಿ ತೊಲೆ ಸಿಕ್ಕಿಸಿ, ಅದರ ಮೇಲೆ ಹಲಗೆ ಹಾಸಿ, ಕಮಾನಿನ ಬಾಗಿಗೆ ತಕ್ಕಂತೆ ಮೆಟ್ಟಿಲಾಗಿರುವ ಸಾರವೆಯನ್ನು ತಾನೇ ಕಟ್ಟಿಸಿದ. ಅದರ ಮೇಲೆ ನಿಲ್ಲಬಹುದಿತ್ತು, ಓಡಾಡಬಹುದಿತ್ತು. ಕೆಳಗೆ ಪೂಜೆ ಪ್ರಾರ್ಥನೆ ನಡೆದೇ ಇತ್ತು. ಉಳಿದ ಹಗ್ಗವನ್ನು ಬಡ ಬಡಗಿಗೆ ಕೊಟ್ಟನಂತೆ. ಅದನ್ನು ಮಾರಿದ ದುಡ್ಡಿನಲ್ಲಿ ಬಡಗಿ ಮಗಳ ಮದುವೆಗೆ ವರದಕ್ಷಿಣೆ ಹೊಂದಿಸಿದ ಎಂದು ಕಲಾವಿದರ ಚರಿತ್ರೆ ಬರೆದ ವಸಾರಿ ಹೇಳುತ್ತಾನೆ. ಎಷ್ಟು ಹಗ್ಗ ಇದ್ದಿರಬೇಕು ಲೆಕ್ಕ ಹಾಕಿ.

ಹೀಗಿದ್ದ ಮೇಲೆ ಮಕ್ಕಳನ್ನು ಮೇಜಿನಡಿ ಮಲಗಿಸುವುದು ತಪ್ಪೇ? ಕೈಬಿಡಬೇಕಾಗಿಲ್ಲ, ಸ್ವಲ್ಪ ತಿದ್ದಿದರೆ ಸಾಕು. ನಮ್ಮ ಕಟ್ಟಡದ ಮಕ್ಕಳ ಜೊತೆ ಮಾಡಿ ನೋಡಿದಾಗ ನನಗೆ ಹೊಳೆದದ್ದು ಇದು: ಸಾಮಾನ್ಯ ಊಟದ ಮೇಜು ನೆಲದಿಂದ ಎರಡೂವರೆ ಅಡಿ ಎತ್ತರ. ಆರೇಳು ವರ್ಷದ ಮಗು ಅದರ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತರೆ ಹಲಗೆ ನೆತ್ತಿಗೆ ತಾಗುವಷ್ಟು ಹತ್ತಿರ ಬರುತ್ತದೆ. ಕತ್ತನ್ನು ಪೂರ್ತಿ ಹಿಂದಕ್ಕೆ ಬಾಗಿಸದೆ ಹಾಳೆ ಕಾಣಿಸುವುದಿಲ್ಲ. ಪದ್ಯದ ಅಂಚಿನ ಮನುಷ್ಯನ ಭಂಗಿಗೆ ಇದು ಬಹಳ ಹತ್ತಿರ. ಆದ್ದರಿಂದ ಮೊದಲು ಮಲಗಿ ಅರ್ಧ ಚಿತ್ರ, ಆಮೇಲೆ ಕೂತು ಉಳಿದರ್ಧ. ಯಾವುದು ಕಷ್ಟ ಎಂದು ಅವರನ್ನೇ ಕೇಳಬೇಕು. ಹತ್ತು ದಾಟಿದ ಮಕ್ಕಳು ಕೂತರೆ ಮೇಜು ಹಿಡಿಸುವುದಿಲ್ಲ. ಅವರಿಗೆ ಎರಡಂತಸ್ತಿನ ಮಂಚವೋ, ಕೈಗೆಟಕುವ ಅಟ್ಟದ ಅಡಿಯೋ ಆಗಬಹುದು.

ಮಕ್ಕಳು ಮೊದಮೊದಲು ಕಿಲಕಿಲ ಎನ್ನುತ್ತಾರೆ. ಮೇಜಿನಡಿ ಹೋಗುವುದೇ ಅವರಿಗೊಂದು ಹಬ್ಬ. ಸ್ವಲ್ಪ ಹೊತ್ತಿಗೆ ಸದ್ದಡಗಿ ಉಸಿರಾಟ ಮಾತ್ರ ಕೇಳುತ್ತದೆ. ಆಮೇಲೆ ಶುರು.

"ಆಂಟಿ, ಕೈ ಸೋತೋಯ್ತು."

"ಇಳಿಸ್ಕೋ. ಆಮೇಲೆ ಮತ್ತೆ ಬರಿ."

"ಅವ್ರು ಎಷ್ಟು ದಿನ ಬರದ್ರು?"

"ನಾಲ್ಕು ವರ್ಷ."

"ಸುಳ್ಳು ಹೇಳ್ಬೇಡಿ ಆಂಟಿ."

ನೋಡಬೇಕಾದ್ದು ಕೈ ಸೋತ ಮೇಲೆ ಆಗುವುದನ್ನು. ಮನೆ, ಅದಕ್ಕೆ ನಾಲ್ಕು ಕಿಟಕಿ, ಹೆಂಚು, ಹೂವಿನ ಗಿಡ ಎಂದೆಲ್ಲ ಹೊರಟ ಹುಡುಗಿ ಕಿಟಕಿಗಳನ್ನು ಬಿಟ್ಟುಬಿಟ್ಟಳು. ಹೆಂಚಿನ ಬದಲು ಒಂದೇ ಉದ್ದನೆಯ ಕೆಂಪು ಗೆರೆ ಎಳೆದಳು. ಆ ಗೆರೆ ಅವಳ ಎಂದಿನ ಗೆರೆಗಿಂತ ಗಟ್ಟಿಯಾಗಿತ್ತು, ಯಾಕೆಂದರೆ ಅದನ್ನು ಎಳೆದದ್ದು ಬೆರಳಲ್ಲ, ಭುಜ. ಒಬ್ಬ ಹುಡುಗ ಬಲ ಮೊಣಕೈಗೆ ಎಡಗೈಯ ಆಸರೆ ಕೊಟ್ಟುಕೊಂಡ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನೊಬ್ಬ ಕೈ ಚಾಚುವ ಬದಲು ತಾನೇ ನೆಲದ ಮೇಲೆ ಗಡಿಯಾರದ ಮುಳ್ಳಿನಂತೆ ತಿರುಗುತ್ತಾ ಹಾಳೆಯ ಮೂಲೆಗಳನ್ನು ತಲುಪಿದ. ಕೊನೆಗೆ ಹಾಳೆ ಕಿತ್ತು ನೋಡಿದರೆ ಅವನ ಮರಗಳು ನಾಲ್ಕು ದಿಕ್ಕಿಗೆ ಬೆಳೆದಿದ್ದವು. ಸಿಸ್ಟೀನ್ ಚಾವಣಿಯಲ್ಲೂ ಯಾವ ಕಡೆಯಿಂದ ನೋಡಿದರೂ ಕೆಲವು ಆಕೃತಿಗಳು ತಲೆಕೆಳಗಾಗಿಯೇ ಇರುತ್ತವೆ. ಚಾವಣಿಗೆ ಮೇಲು ಕೆಳಗು ಎಂಬುದಿಲ್ಲ.

ಕೆಲವು ವ್ಯಾವಹಾರಿಕ ಮಾತು. ಬಾಲ್‌ಪೆನ್ನು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಶಾಯಿ ತುದಿಗೆ ಇಳಿಯಬೇಕಾದರೆ ಪೆನ್ನು ಕೆಳಮುಖವಾಗಿರಬೇಕು. ಮೇಲ್ಮುಖ ಹಿಡಿದರೆ ಒಂದೆರಡು ಗೆರೆಗೆ ನಿಂತುಹೋಗುತ್ತದೆ. ಹಾಗಂತ ಮೊದಲೇ ಹೇಳಬೇಡಿ, ಒಂದು ಪೆನ್ನನ್ನೂ ಕೈಗೆ ಕೊಡಿ. ಯಾಕೆ ನಿಂತಿತು ಎಂದು ಅವರೇ ತಲೆ ಕೆರೆದುಕೊಳ್ಳಲಿ. ಚಾಕ್‌ಪೀಸ್ ಬೇಡ, ಪುಡಿ ಕಣ್ಣಿಗೆ ಬೀಳುತ್ತದೆ. ಕ್ರೇಯಾನಿನ ಚೂರೂ ಉದುರುತ್ತದೆ, ಆದ್ದರಿಂದ ಹಳೆಯ ತಂಪು ಕನ್ನಡಕವೋ ಈಜುವವರ ಕನ್ನಡಕವೋ ಹಾಕಿಸಿದರೆ ಒಳ್ಳೆಯದು. ನೀರುಬಣ್ಣ ಕೊಡುವ ಧೈರ್ಯವಿದ್ದರೆ ಹಳೆಯ ಬಟ್ಟೆ ತೊಡಿಸಿ, ಕೆಳಗೆ ನ್ಯೂಸ್‌ಪೇಪರ್ ಹಾಸಿ, ಬ್ರಷ್ಷಿನಲ್ಲಿ ನೀರು ಕಡಿಮೆ ಇಡಿಸಿ. ಮುಖದ ಮೇಲೆ ಒಂದು ಹನಿ ಬಿದ್ದೇ ಬೀಳುತ್ತದೆ. ಅದಕ್ಕೂ ಆ ಪದ್ಯದಲ್ಲಿ ಸಾಕ್ಷಿಯಿದೆ. ಹಾಳೆಯ ನಾಲ್ಕು ಮೂಲೆಗಷ್ಟೇ ಟೇಪು ಹಚ್ಚಿದರೆ ನಡುವೆ ಜೋತು ಬೀಳುತ್ತದೆ, ಅಂಚುದ್ದಕ್ಕೂ ಹಚ್ಚಬೇಕು.

ಹೆಚ್ಚಿನ ಕಡೆ ಚಟುವಟಿಕೆ ಇಲ್ಲಿಗೇ ಮುಗಿಯುತ್ತದೆ. ನನಗಂತೂ ಇಲ್ಲಿಂದ ಮುಂದೆ ಹೋಗದಿದ್ದರೆ ಅರ್ಧಕ್ಕೆ ಬಿಟ್ಟಂತೆ. ಮೈಕಲೇಂಜೆಲೊ ಹಾಳೆಯ ಮೇಲೆ ಬರೆಯಲಿಲ್ಲ, ಹಸಿ ಗಾರೆಯ ಮೇಲೆ ಬರೆದ. ಅದಕ್ಕೆ ಫ್ರೆಸ್ಕೊ ಎನ್ನುತ್ತಾರೆ. ಕತ್ತುನೋವಿಗಿಂತ ದೊಡ್ಡ ಕಷ್ಟ ಅದರಲ್ಲಿತ್ತು: ಗಡಿಯಾರ.

ಕೆಲಸದ ಬಗೆ ಹೀಗೆ. ಬೆಳಿಗ್ಗೆ ಗಾರೆಯವನು ಬಂದು, ಒರಟು ಗಾರೆಯ ಮೇಲೆ ಅಂದು ಒಂದು ದಿನದಲ್ಲಿ ಚಿತ್ರ ಬರೆದು ಮುಗಿಸಬಹುದಾದಷ್ಟೇ ಜಾಗಕ್ಕೆ ನುಣ್ಣನೆಯ ಸುಣ್ಣದ ಗಾರೆಯನ್ನು ತೆಳ್ಳಗೆ ಬಳಿಯುತ್ತಾನೆ. ನೀರಿನಲ್ಲಿ ಕಲಸಿದ ಬಣ್ಣವನ್ನು ಅದು ಹಸಿಯಿರುವಾಗಲೇ ಹಚ್ಚಬೇಕು. ಬಣ್ಣಕ್ಕೆ ಅಂಟು ಬೆರೆಸುವುದಿಲ್ಲ. ಗಾರೆ ಒಣಗುವಾಗ ಅದರೊಳಗಿನ ಅರಳಿದ ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ, ಬಣ್ಣದ ಕಣಗಳು ಆ ಕಲ್ಲಿನ ಪೊರೆಯೊಳಗೆ ಸಿಕ್ಕಿಬೀಳುತ್ತವೆ. ಬಣ್ಣ ಗೋಡೆಯ ಮೇಲಿರುವುದಿಲ್ಲ, ಗೋಡೆಯೇ ಆಗಿರುತ್ತದೆ. ಒಣಗಿದ ಮೇಲೆ ತಪ್ಪು ಕಂಡರೆ ಒರೆಸುವಂತಿಲ್ಲ, ಆ ದಿನದ ಗಾರೆಯನ್ನೇ ಕೆತ್ತಿ ತೆಗೆದು ಹೊಸದಾಗಿ ಬಳಿಸಬೇಕು. ಸಂಜೆ ಉಳಿದ ಹಸಿ ಗಾರೆಯನ್ನು ಕರಣೆಯಿಂದ ಓರೆಯಾಗಿ ಕತ್ತರಿಸಿ ತೆಗೆಯುತ್ತಾರೆ. ಮರುದಿನದ ಗಾರೆ ಅದಕ್ಕೆ ಬಂದು ಸೇರುತ್ತದೆ. ಹತ್ತಿರದಿಂದ ನೋಡಿದರೆ ಆ ಸೇರಿಕೆಯ ಗೆರೆಗಳು ಈಗಲೂ ಕಾಣುತ್ತವೆ. ಯಾವ ಆಕೃತಿಗೆ ಎಷ್ಟು ದಿನ ಹಿಡಿಯಿತೆಂದು ವಿದ್ವಾಂಸರು ಎಣಿಸುವುದು ಹಾಗೆ. ದೇವರು ಬೆಳಕನ್ನು ಕತ್ತಲೆಯಿಂದ ಬೇರ್ಪಡಿಸುವ ಚಿತ್ರದ ಕಟ್ಟಿನೊಳಗೆ ಅಂಥ ಗೆರೆಯಿಲ್ಲ. ಅಷ್ಟನ್ನೂ ಅವನು ಒಂದೇ ದಿನದಲ್ಲಿ ಮುಗಿಸಿದ್ದಾನೆ.

ಆರಂಭದಲ್ಲಿ ಮಾತ್ರ ಎಡವಟ್ಟಾಯಿತು. ಜಲಪ್ರಳಯದ ಚಿತ್ರ ಬರೆಯುತ್ತಿದ್ದಾಗ ಗಾರೆಗೆ ಬೂಷ್ಟು ಬಂತು. ನನ್ನ ಕಸುಬಲ್ಲ ಎಂದು ಮೊದಲೇ ಹೇಳಿರಲಿಲ್ಲವೇ ಎಂದು ಮೈಕಲೇಂಜೆಲೊ ಪೋಪ್ ಹತ್ತಿರ ಹೋದ. ಕೆಲಸ ಬಿಟ್ಟು ಪಾರಾಗುವ ಆಸೆಯೂ ಇದ್ದಿರಬಹುದು. ಪೋಪ್ ಕಳಿಸಿದ ವಾಸ್ತುಶಿಲ್ಪಿ ಜೂಲಿಯಾನೊ ದ ಸಂಗಾಲ್ಲೊ ಬಂದು ನೋಡಿ, ಗಾರೆಯಲ್ಲಿ ನೀರು ಜಾಸ್ತಿಯಾಗಿದೆ ಅಷ್ಟೇ ಎಂದು ಹೇಳಿ ಸರಿಪಡಿಸಿಕೊಟ್ಟ. ರೋಮ್‌ನ ಸುಣ್ಣ, ಅಲ್ಲಿನ ಜ್ವಾಲಾಮುಖಿಯ ಮಣ್ಣು ಫ್ಲಾರೆನ್ಸ್‌ನವರ ಕೈಗೆ ಹೊಸದು. ಪ್ರಪಂಚ ಮೆಚ್ಚಿದ ಶಿಲ್ಪಿಗೂ ಗಾರೆ ಕಲಸುವುದನ್ನು ಇನ್ನೊಬ್ಬರು ಹೇಳಿಕೊಡಬೇಕಾಯಿತು.

ಸುಣ್ಣದ ಗಾರೆಯನ್ನು ಮಕ್ಕಳ ಕೈಗೆ ಕೊಡಬಾರದು. ಎಲೆಅಡಿಕೆಯ ಸುಣ್ಣ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಹಿರಿಯರಿರುವ ಮನೆಗಳಲ್ಲಿ ಗೊತ್ತಿರುತ್ತದೆ. ಬದಲಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸಾಕು. ದೊಡ್ಡವರು ಎರಡು ಲೋಟ ಪುಡಿಗೆ ಒಂದು ಲೋಟ ನೀರಿನ ಲೆಕ್ಕದಲ್ಲಿ ಕಲಸಿ ಕಾಗದದ ತಟ್ಟೆಗೆ ಸುರಿದುಕೊಡಲಿ. ಮೇಲ್ಮೈ ಕೈಗೆ ಅಂಟದಷ್ಟು ಬಿಗಿಯಾದ ಕೂಡಲೇ, ತೇವ ಆರುವ ಮೊದಲು, ನೀರುಬಣ್ಣದಲ್ಲಿ ಬರೆಯಬೇಕು. ಇದು ನಿಜವಾದ ಫ್ರೆಸ್ಕೊ ಅಲ್ಲ, ರಾಸಾಯನಿಕ ಕ್ರಿಯೆಯೇ ಬೇರೆ. ಆದರೂ ಬ್ರಷ್ಷಿನ ಬಣ್ಣವನ್ನು ಗಾರೆ ಹೀರುವುದು, ಹಚ್ಚಿದ ಬಣ್ಣ ಒಣಗಿದಂತೆ ತಿಳಿಯಾಗುವುದು, ಇನ್ನೊಂದು ಕೈ ಹಚ್ಚೋಣ ಎನ್ನುವಷ್ಟರಲ್ಲಿ ಹೊತ್ತು ಮೀರಿರುವುದು, ಇಷ್ಟೂ ಅನುಭವಕ್ಕೆ ಬರುತ್ತದೆ. ಈ ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಮಕ್ಕಳು ಅದರಲ್ಲಿ ಕೈ ಅದ್ದಿ ಆಡದಂತೆ ನೋಡಿಕೊಳ್ಳಬೇಕು. ಉಳಿದದ್ದನ್ನು ಸಿಂಕಿಗೆ ಸುರಿದರೆ ಪ್ಲಂಬರ್‌ಗೆ ಫೋನ್ ಮಾಡಬೇಕಾಗುತ್ತದೆ.

ಹಸಿ ಗಾರೆಯ ಮೇಲೆ ಯೋಚಿಸುತ್ತಾ ನಿಲ್ಲಲು ಸಮಯವಿಲ್ಲವಾದ್ದರಿಂದ ಚಿತ್ರದ ನಕ್ಷೆ ಮೊದಲೇ ತಯಾರಿರುತ್ತಿತ್ತು. ಅಳತೆಗೆ ತಕ್ಕ ದೊಡ್ಡ ಕಾಗದದಲ್ಲಿ ಬರೆದು, ಗೆರೆಗಳುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಗಾರೆಗೆ ಹಿಡಿದು ಇದ್ದಿಲ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟುತ್ತಿದ್ದರು. ಕಾಗದ ತೆಗೆದರೆ ಚುಕ್ಕಿಗಳ ಸಾಲು. ಬಾಗಿಲ ಮುಂದೆ ರಂಗೋಲಿ ಅಚ್ಚಿನಲ್ಲಿ ಪುಡಿ ಹಾಕಿ ಎತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಕ್ಕಳಿಗೂ ಇದು ಬಲು ಇಷ್ಟದ ಕೆಲಸ. ಕೆಳಗೆ ದಪ್ಪ ಬಟ್ಟೆ ಹಾಸಿ ಸೂಜಿಯಲ್ಲಿ ಚುಚ್ಚುವುದೇ ಅರ್ಧ ಗಂಟೆ ಸಾಗುತ್ತದೆ. ಮೈಕಲೇಂಜೆಲೊ ಇದರ ಜೊತೆಗೆ ಕಾಗದದ ಮೇಲಿಂದಲೇ ಮೊನೆಯಿಂದ ಒತ್ತಿ ಗಾರೆಯಲ್ಲಿ ಗೀರು ಮೂಡಿಸುವ ವಿಧಾನವನ್ನೂ ಬಳಸಿದ. ಕೈ ಪಳಗಿದಂತೆ ಚುಕ್ಕಿ ಕಡಿಮೆಯಾಗಿ ಗೀರು ಹೆಚ್ಚಾಯಿತು.

ಕೈ ಪಳಗಿದ್ದು ಮಾತ್ರವಲ್ಲ, ಕಣ್ಣೂ ಪಳಗಿತು. ಅವನು ಕೆಲಸ ಶುರುಮಾಡಿದ್ದು ಬಾಗಿಲ ಕಡೆಯಿಂದ, ಬೈಬಲಿನ ನೋಹನ ಕತೆಯಿಂದ. ಜಲಪ್ರಳಯದಲ್ಲಿ ಜನ ಕಿಕ್ಕಿರಿದಿದ್ದಾರೆ, ಎಲ್ಲರೂ ಸಣ್ಣ ಸಣ್ಣಗೆ. ಅಟ್ಟಣಿಗೆಯ ಮೇಲೆ ಮುಖಕ್ಕೆ ಹತ್ತಿರ ಚೆನ್ನಾಗಿಯೇ ಕಂಡಿರಬೇಕು. ನೆಲದಿಂದ ನೋಡಿದರೆ ಅದು ಗಿಜಿಗಿಜಿ. 1511ರ ಆಗಸ್ಟ್‌ನಲ್ಲಿ ಅರ್ಧ ಚಾವಣಿಯನ್ನು ಜನರಿಗೆ ತೆರೆದು ತೋರಿಸಿದರು. ಉಳಿದರ್ಧದಲ್ಲಿ ಚಿತ್ರಕ್ಕೆ ಇಬ್ಬರೋ ಮೂವರೋ, ದೊಡ್ಡದಾಗಿ, ಖಾಲಿ ಜಾಗದ ನಡುವೆ. ಆದಾಮನ ಕೈಗೂ ದೇವರ ಕೈಗೂ ನಡುವಿನ ಆ ತೆರವು ಈ ಎರಡನೇ ಅರ್ಧದ್ದು. ಮೇಜಿನಡಿಯ ಮಕ್ಕಳಿಗೆ ಇದನ್ನು ಹೇಳಿಕೊಡುವುದು ಸುಲಭ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಕೋಣೆಯ ಆಚೆ ತುದಿಯಲ್ಲಿ ನೆಲಕ್ಕೆ ಕೆನ್ನೆ ಹಚ್ಚಿ ನೋಡಲಿ, ಏನು ಕಾಣುತ್ತದೆ ಎಂದು ಹೇಳಲಿ. ಎರಡನೇ ಹಾಳೆಯಲ್ಲಿ ಗಾತ್ರ ತಾನಾಗಿ ಬದಲಾಗುತ್ತದೆ.

ಏನು ಬರೆಯಿಸಬೇಕು? ಆದಾಮನ ಕೈಯನ್ನಂತೂ ಬೇಡ. ಅದು ಮೊಬೈಲ್ ಜಾಹೀರಾತಿನಿಂದ ಟೀ ಶರ್ಟ್‌ವರೆಗೆ ಸವೆದು ಹೋಗಿದೆ. ಒಂದು ಚಾವಣಿ ನಿನ್ನದಾದರೆ ಅಲ್ಲಿ ಯಾರ್‍ಯಾರು ಇರಬೇಕು ಎಂದು ಕೇಳಿ ಸುಮ್ಮನಾಗುವುದು ಒಳ್ಳೆಯದು. ಪೋಪ್ ಕೇಳಿದ್ದು ಹನ್ನೆರಡು ಮಂದಿ ಅಪೊಸ್ತಲರನ್ನು. ಅದು ಬಡವಾದ ಯೋಜನೆ ಎಂದು ಮೈಕಲೇಂಜೆಲೊಗೆ ಅನ್ನಿಸಿ, ಕೊನೆಗೆ ಮುನ್ನೂರಕ್ಕೂ ಹೆಚ್ಚು ಆಕೃತಿಗಳು ಅಲ್ಲಿ ಸೇರಿಕೊಂಡವು. ಮಕ್ಕಳ ಯೋಜನೆಯೂ ಅಳತೆ ಮೀರಿದರೆ ಬೈಯಬೇಕಾಗಿಲ್ಲ.

ಬಣ್ಣದ ಬಗ್ಗೆಯೂ ಒಂದು ಮಾತು. ಬಹಳ ಕಾಲ ಈ ಚಾವಣಿಯನ್ನು ನೋಡಿದವರು ಮೈಕಲೇಂಜೆಲೊ ಮಂಕು ಬಣ್ಣಗಳ ಚಿತ್ರಗಾರ, ಎಷ್ಟೆಂದರೂ ಶಿಲ್ಪಿ ಎಂದೇ ತಿಳಿದಿದ್ದರು. 1980ರಲ್ಲಿ ವ್ಯಾಟಿಕನ್ ಅದನ್ನು ಶುಚಿಗೊಳಿಸಲು ತೊಡಗಿತು. ಜಪಾನಿನ ನಿಪ್ಪಾನ್ ಟೆಲಿವಿಷನ್ ಹಣ ಕೊಟ್ಟಿತು, ಜಾನ್‌ಲೂಯಿಜಿ ಕೊಲಾಲೂಚಿ ಕೆಲಸದ ಮುಖ್ಯಸ್ಥರಾಗಿದ್ದರು. ಅವರ ಅಲ್ಯೂಮಿನಿಯಂ ಅಟ್ಟಣಿಗೆ ಕೂತದ್ದು ಗೋಡೆಯಲ್ಲಿ ಮೈಕಲೇಂಜೆಲೊ ಮಾಡಿಸಿದ್ದ ಅವೇ ರಂಧ್ರಗಳಲ್ಲಿ. ಮೇಣದ ಬತ್ತಿಯ ಮಸಿ, ಹಿಂದಿನವರು ಹೊಳಪಿಗೆಂದು ಬಳಿದ ಅಂಟು ಎಲ್ಲ ಹೋದ ಮೇಲೆ ಕಂಡದ್ದು ನಿಂಬೆಹಳದಿ, ಗಿಳಿಹಸಿರು, ಕಿತ್ತಳೆ, ನೇರಳೆ. ಜೇಮ್ಸ್ ಬೆಕ್‌ರಂಥ ಕಲಾ ಇತಿಹಾಸಕಾರರು ಇದು ಅತಿಯಾಯಿತು, ಒಣ ಗಾರೆಯ ಮೇಲೆ ಅವನು ಕೊನೆಯಲ್ಲಿ ಹಚ್ಚಿದ ನೆರಳುಗಳೂ ತೊಳೆದುಹೋದವು ಎಂದು ಜಗಳಕ್ಕೇ ನಿಂತರು. ಆ ವಾದ ಇನ್ನೂ ಪೂರ್ತಿ ಆರಿಲ್ಲ. ಅಂತೂ ಈಗ ಮಕ್ಕಳು ಡಬ್ಬಿಯಲ್ಲಿದ್ದ ಅತಿ ಢಾಳು ಬಣ್ಣವನ್ನೇ ಎತ್ತಿಕೊಂಡರೆ ಮೈಕಲೇಂಜೆಲೊ ಹೀಗೆ ಮಾಡುತ್ತಿರಲಿಲ್ಲ ಎಂದು ಯಾವ ಮೇಷ್ಟ್ರೂ ಹೇಳುವಂತಿಲ್ಲ.

ಶಾಲೆಗಳಲ್ಲಿ ಮಾಡಿಸಲು ಅಡ್ಡಿಗಳಿವೆ. ನಲವತ್ತೈವತ್ತು ಮಕ್ಕಳ ತರಗತಿಯಲ್ಲಿ ಎಲ್ಲರಿಗೂ ಮೇಜು ಎಲ್ಲಿ? ಬೆಂಚಿನಡಿ ಮಲಗಲು ಆಗದು, ನಡುವೆ ಕಾಲಿಡುವ ಅಡ್ಡಪಟ್ಟಿ ಇರುತ್ತದೆ. ಸಮವಸ್ತ್ರ ಕೊಳೆಯಾಗುತ್ತದೆ ಎಂದು ಮನೆಯವರು ದೂರುತ್ತಾರೆ. ಸ್ಟಾಫ್ ರೂಮಿನ ಉದ್ದನೆಯ ಮೇಜು, ಲೈಬ್ರರಿಯ ಮೇಜು ಇದ್ದರೆ ಒಂದಕ್ಕೆ ನಾಲ್ಕು ಮಕ್ಕಳು ಸರದಿಯಲ್ಲಿ ಹೋಗಬಹುದು. ಸರದಿ ಕಾಯುವವರು ಬಣ್ಣ ಅರೆಯುವವರು, ನಕ್ಷೆ ಚುಚ್ಚುವವರು. ಮೈಕಲೇಂಜೆಲೊಗೂ ಸಹಾಯಕರ ಗುಂಪಿತ್ತು, ಒಬ್ಬನೇ ಎಲ್ಲ ಮಾಡಿದ ಎಂಬುದು ಮಲಗಿದ ಕತೆಯಂಥದೇ ಇನ್ನೊಂದು ಕತೆ. ಕತ್ತಿನ ತೊಂದರೆ ಇರುವ ಮಕ್ಕಳಿಗೆ ಕೂತು ಬರೆಯುವ ಭಾಗ ಬಿಟ್ಟುಬಿಡಬೇಕು. ಉಳಿದವರಿಗೂ ಒಮ್ಮೆಗೆ ಐದು ನಿಮಿಷ ಮೀರದಿರಲಿ. ಮೈಕಲೇಂಜೆಲೊಗೇ 1512ರ ಅಕ್ಟೋಬರ್ ಕೊನೆಗೆ ಚಾವಣಿ ಮುಗಿದ ಮೇಲೆ ಕೆಲವು ತಿಂಗಳು ಕಾಗದವನ್ನು ತಲೆಯ ಮೇಲೆ ಎತ್ತಿ ಹಿಡಿಯದೆ ಓದಲಾಗುತ್ತಿರಲಿಲ್ಲ ಎಂದು ವಸಾರಿ ಬರೆದಿದ್ದಾನೆ.

ಕರ್ನಾಟಕದ ಮಕ್ಕಳಿಗೆ ಈ ಪಾಠದ ಮುಂದಿನ ತರಗತಿ ರೋಮ್‌ನಲ್ಲಿ ಇರಬೇಕಿಲ್ಲ. ಹಂಪಿಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಚಾವಣಿಯಲ್ಲಿ ಗಿರಿಜಾ ಕಲ್ಯಾಣವಿದೆ, ಮತ್ಸ್ಯಯಂತ್ರ ಭೇದಿಸುವ ಅರ್ಜುನನಿದ್ದಾನೆ, ಪಲ್ಲಕ್ಕಿಯಲ್ಲಿ ಹೊರಟ ವಿದ್ಯಾರಣ್ಯರ ಮೆರವಣಿಗೆಯಿದೆ. ಅವೂ ಸುಣ್ಣದ ಗಾರೆಯ ಮೇಲಿನ ಚಿತ್ರಗಳು. ಮಂಟಪ ಕೃಷ್ಣದೇವರಾಯ ಕಟ್ಟಿಸಿದ್ದು, ಶಾಸನ 1510ರದು. ಆ ವರ್ಷ ಮೈಕಲೇಂಜೆಲೊ ರೋಮ್‌ನಲ್ಲಿ ಅಟ್ಟಣಿಗೆಯ ಮೇಲಿದ್ದ. ಚಿತ್ರಗಳು ಮಂಟಪದ ಕಾಲದವೇ, ಆಮೇಲಿನವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಬರೆದವರ ಹೆಸರನ್ನು ಯಾವ ವಸಾರಿಯೂ ಬರೆದಿಡಲಿಲ್ಲ. ಹೋಗುವಾಗ ಅಂಗೈಯಗಲದ ಒಂದು ಕನ್ನಡಿ ಜೊತೆಗಿರಲಿ. ಅದನ್ನು ಎದೆಯ ಮಟ್ಟಕ್ಕೆ ಹಿಡಿದು ನಿಧಾನವಾಗಿ ನಡೆದರೆ ಕತ್ತು ಎತ್ತದೆಯೇ ಇಡೀ ಚಾವಣಿ ಕಾಣುತ್ತದೆ. ಮಕ್ಕಳು ಮಾತ್ರ ಕನ್ನಡಿಯನ್ನು ನಿಮಗೇ ಕೊಟ್ಟು ಕತ್ತೆತ್ತಿಯೇ ನೋಡುತ್ತಾರೆ. ಆ ಜನಜಂಗುಳಿಯಲ್ಲಿ ಮಲಗಿ ನೋಡಲು ಆಗದು. ಕಂಬದ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತು ನೋಡಲು ಯಾರದೂ ಅಡ್ಡಿಯಿಲ್ಲ.